ಉಸ್ತಾದರು ಬಿಟ್ಟುಹೋದ ಪಿನ್ನು

ಹೋದ ತಿಂಗಳು ಚಿಂತಾಕಿಯ ಸಭಾಭವನದಲ್ಲಿ ಹಳೆಯ ಅಲಾರಂ ಪೆಟ್ಟಿಗೆ ಬದಲಿಸಲು ಅದರ ಮುಚ್ಚಳ ತೆಗೆದೆ. ಕಾದ ಧೂಳಿನ ವಾಸನೆ ಮುಖಕ್ಕೆ ಬಡಿಯಿತು. ಮುಚ್ಚಳದ ಒಳಬದಿಗೆ ಕಪ್ಪು ಟೇಪಿನಿಂದ ಅಂಟಿಸಿದ್ದ ಒಂದು ಸೇಫ್ಟಿ ಪಿನ್ನು, ಪೂರ್ತಿ ತುಕ್ಕು ಹಿಡಿದಿತ್ತು. ಅದನ್ನು ನೋಡಿದ್ದೇ ತಡ, ಸ್ಟೂಲಿನ ಮೇಲಿದ್ದವಳು ಇಳಿದು ನೆಲದ ಮೇಲೆ ಕೂತುಬಿಟ್ಟೆ. ನನಗೆ ಕೆಲಸ ಕಲಿಸಿದ ಉಸ್ತಾದರು ಅದನ್ನು ಅಲ್ಲಿಟ್ಟದ್ದು ನನಗೆ ಗೊತ್ತೇ ಇರಲಿಲ್ಲ.

ಬೀದರದ ಗಾಂಧಿ ಗಂಜಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿಯಿತ್ತು. ಮೊದಲು ರೇಡಿಯೋ ರಿಪೇರಿ, ಆಮೇಲೆ ಮದುವೆಯ ಮೈಕು, ಕೊನೆಗೆ ಕಳ್ಳರ ಅಲಾರಂ. ಭಾಲ್ಕಿಯಲ್ಲಿ ಐಟಿಐ ಮುಗಿಸಿ ಕೆಲಸ ಕೇಳಲು ಹೋದಾಗ ಅವರು ನನ್ನ ಸರ್ಟಿಫಿಕೇಟು ಮುಟ್ಟಲಿಲ್ಲ. ಒಂದು ವೈರು ಕೊಟ್ಟು ತುದಿ ಸುಲಿಯಲು ಹೇಳಿದರು. ತಾಮ್ರದ ಒಂದು ಎಳೆ ತುಂಡಾದರೂ ಮತ್ತೆ ಸುಲಿಸುತ್ತಿದ್ದರು. ಸ್ಕ್ರೂ ಬಿಗಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡುತ್ತಿದ್ದರು. ಕಿತ್ತು ಬಂದರೆ ಅದನ್ನು ನನ್ನ ಕೈಗಿಟ್ಟು ತಮ್ಮ ಕೆಲಸಕ್ಕೆ ತಿರುಗುತ್ತಿದ್ದರು... ಬೈದಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲ ಸರಿಯಾಗಿ ಸೈರನ್ ಕೂಗಿದರೆ ಮಾತ್ರ, "ಪೆಟ್ಟಿಗಿ ಮುಚ್ಚು, ಬೇಟಿ," ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಶಾಬಾಶ್ ಅವರ ಬಾಯಿಂದ ನಾನು ಕೇಳಿಲ್ಲ. ಆ ಎರಡು ಮಾತಿಗಾಗಿ ದಿನವಿಡೀ ಕಿವಿ ನಿಮಿರಿಸಿಕೊಂಡಿರುತ್ತಿದ್ದೆ.

ಮಳೆ ಕೈಕೊಟ್ಟ ಎರಡನೆಯ ವರ್ಷ ಅದು. ಔರಾದ ಕಡೆಯ ಊರುಗಳಿಂದ ಜನ ಟೆಂಪೋ ತುಂಬಿಕೊಂಡು ಹೈದರಾಬಾದಿಗೆ, ಪುಣೆಗೆ ಕೆಲಸ ಹುಡುಕಿ ಹೊರಟಿದ್ದರು. ಬೀಗ ಬಿದ್ದ ಮನೆಗಳಲ್ಲಿ ಕಳ್ಳತನ ಶುರುವಾಯಿತು. ಆಗ ಚಿಂತಾಕಿಯವರು ಒಂದು ಉಪಾಯ ಹೂಡಿದರು. ಹೋಗುವವರೆಲ್ಲ ಬಿತ್ತನೆ ಬೀಜ, ಪಾತ್ರೆ, ಪಂಪಿನ ಮೋಟಾರು ತಂದು ಸಭಾಭವನದಲ್ಲಿಡುವುದು, ಅದಕ್ಕೊಂದು ಅಲಾರಂ ಹಾಕಿಸುವುದು. ಕೀಪ್ಯಾಡೂ ಸೈರನ್ನೂ ಎದುರಿಗಿದ್ದ ಅಂಗನವಾಡಿ ಟೀಚರ ಮನೆಯಲ್ಲಿ, ಯಾಕೆಂದರೆ ಟೀಚರು ಊರಲ್ಲೇ ಉಳಿಯುವವರು. ಪೂರ್ತಿ ವೈರಿಂಗು ನಿನ್ನದೇ ಎಂದು ಉಸ್ತಾದರು ಹೇಳಿದಾಗ ನನ್ನ ಕಾಲು ನೆಲಕ್ಕೆ ತಾಗಲಿಲ್ಲ!

ಭವನದಿಂದ ಟೀಚರ ಮನೆಗೆ ನಾಲ್ಕು ಎಳೆಯ ಕೇಬಲ್ ಎಳೆದೆ. ಎರಡು ಕರೆಂಟಿಗೆ, ಉಳಿದೆರಡು ಡೇಟಾ ಲೈನು, ಪೆಟ್ಟಿಗೆಯೂ ಕೀಪ್ಯಾಡೂ ಮಾತಾಡಿಕೊಳ್ಳುವ ದಾರಿ. ಆ ಎರಡನ್ನು ಅದಲು ಬದಲು ಮಾಡಿದರೆ ದೀಪ ಹತ್ತುತ್ತದೆ, ಸುದ್ದಿ ಮಾತ್ರ ದಾಟುವುದಿಲ್ಲ. ಅದರಲ್ಲಿ ನಾನು ತಪ್ಪಲಿಲ್ಲ. ತಪ್ಪಿದ್ದು ಪೆಟ್ಟಿಗೆಯಿಂದ ಭವನದ ಬಾಗಿಲಿಗೆ ಹೋಗುವ ಎರಡೆಳೆಯ ಲೈನಿನಲ್ಲಿ. ಅದರ ಕೊನೆಗೆ, ಚೌಕಟ್ಟಿನ ಮೇಲಿನ ಪುಟ್ಟ ಡಬ್ಬಿಯೊಳಗೆ, ಜೋಳದ ಕಾಳಿನಷ್ಟೇ ಇರುವ ಒಂದು ರೆಸಿಸ್ಟರ್ ಕೂರಿಸಬೇಕು. ದಾರಿಯಲ್ಲಿ ಯಾರಾದರೂ ವೈರಿಗೆ ಕೈಹಾಕಿದರೆ ಪೆಟ್ಟಿಗೆಗೆ ತಿಳಿಯುವುದು ಅದರಿಂದಲೇ. ಆದರೆ ಆ ಬಿಸಿಲು, ಏಣಿ, ಬೆರಳು ಹಿಡಿಸದ ಡಬ್ಬಿ... ಯಾರಿಗೆ ಬೇಕು ಎಂದು ಅದನ್ನು ಈಚೆಯ ತುದಿಯಲ್ಲಿ, ಪೆಟ್ಟಿಗೆಯೊಳಗೇ ಹಾಕಿಬಿಟ್ಟೆ. ಬಾಗಿಲು ತೆರೆದು ನೋಡಿದೆ, ಸೈರನ್ ಕೂಗಿತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಹೊರಗೆ ಟೆಂಪೋ ಗುಡುಗುಡು ಎನ್ನುತ್ತಿತ್ತು, ಗಂಟುಗಳೆಲ್ಲ ಮೇಲೇರಿದ್ದವು. ಹೊರಟವರಲ್ಲಿ ಊರಿಗೆಲ್ಲ ರವಿಕೆ ಹೊಲಿಯುವ ಒಬ್ಬ ಅಕ್ಕ ಇದ್ದಳು. ಅವಳ ಹೊಲಿಗೆ ಮಷಿನ್ನಿಗೆ ಟೆಂಪೋದಲ್ಲಿ ಜಾಗವಿಲ್ಲ. ಹಳೇ ಸೀರೆ ಹೊದ್ದು ಅದು ಭವನದೊಳಗಿತ್ತು. ತಿರುಗಿ ಬಂದ ದಿನ ಅದಿಲ್ಲದಿದ್ದರೆ ಅವಳ ಒಲೆ ಹತ್ತುವಂತಿರಲಿಲ್ಲ.

"ಈಗ ನಾ ಕಳ್ಳ ಇದ್ದೀನಿ, ನೋಡ್ರಿ," ಎಂದರು ಉಸ್ತಾದರು. ಪ್ರತಿ ಕೆಲಸದ ಕೊನೆಗೆ ಅವರು ಕಳ್ಳನಾಗುತ್ತಿದ್ದರು, ಅದು ಅವರ ಪದ್ಧತಿ. ಜನ ನಕ್ಕರು. ಅಕ್ಕನ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೇಳಿ ಇಸಿದುಕೊಂಡು, ಬಾಗಿಲ ಬಳಿಯ ಲೈನಿಗೆ, ಒಳಗಿನ ಎರಡೂ ಎಳೆ ಕೂಡುವಂತೆ ಅಡ್ಡಲಾಗಿ ಚುಚ್ಚಿ, ಆರಾಮಾಗಿ ಬಾಗಿಲು ತೆರೆದರು. ಸೈರನ್ ತುಟಿಪಿಟಕ್ಕೆನ್ನಲಿಲ್ಲ.

ನಗು ನಿಂತಿತು. ಅಕ್ಕ ನೇರವಾಗಿ ಒಳಗೆ ಹೋಗಿ ಮಷಿನ್ನಿನ ಮೇಲೆ ಕೈಯಿಟ್ಟಳು. "ಇದನ್ನ ಇಲ್ಲಿ ಬಿಡಂಗಿಲ್ರಿ. ನಾನೂ ಹೋಗಂಗಿಲ್ಲ."

ಅವಳನ್ನು ನೋಡಿ ಇನ್ನಿಬ್ಬರು ಗಂಟು ಇಳಿಸತೊಡಗಿದರು. ನನಗೆ ಅಳುವಲ್ಲ, ಸಿಟ್ಟು ಬಂತು. ಒಂದು ಮಾತು ಕಿವಿಯಲ್ಲಿ ಹೇಳಬಾರದಿತ್ತೇ, ಇಡೀ ಊರಿನೆದುರು ಮಾನ ಕಳೆಯಬೇಕಿತ್ತೇ ಎಂದು ಅವರನ್ನೇ ದುರುಗುಟ್ಟಿ ನೋಡಿದೆ. ಅವರು ಎಷ್ಟು ಹೊತ್ತು ಬೇಕು ಎಂದಷ್ಟೇ ಕೇಳಿದರು. ಹತ್ತು ನಿಮಿಷ ಎಂದೆ. ಡ್ರೈವರನಿಗೆ ಇಂಜಿನ್ ಬಂದ್ ಮಾಡಲು ಹೇಳಿ, ಬಂದು ಏಣಿ ಹಿಡಿದು ನಿಂತರು.

ಚುಚ್ಚಿಸಿಕೊಂಡ ತುಂಡು ಕತ್ತರಿಸಿದೆ, ಹೊಸದಾಗಿ ಸುಲಿದೆ, ರೆಸಿಸ್ಟರನ್ನು ಅದರ ಜಾಗಕ್ಕೆ ಸೇರಿಸಿದೆ. ಒಂದೊಂದು ವೈರನ್ನೂ ನಾನೇ ಎಳೆದು ನೋಡಿದೆ. ಕೆಳಗಿಳಿದು, "ಪಿನ್ ನನಗ ಕೊಡ್ರಿ," ಎಂದೆ.

ಚುಚ್ಚಿದೆ. ಬಾಗಿಲು ಮುಟ್ಟುವ ಮೊದಲೇ ಟೀಚರ ಮನೆಯಿಂದ ಅದೆಂಥ ಕೂಗು! ಟೆಂಪೋ ಕೆಳಗಿನ ಕೋಳಿಗಳು ದಿಕ್ಕಾಪಾಲಾದವು, ಟೀಚರು ಕಿವಿ ಮುಚ್ಚಿಕೊಂಡು ಹೊರಗೆ ಓಡಿಬಂದರು, ಜನ ಚಪ್ಪಾಳೆ ತಟ್ಟಿದರು. ನಾನು ಸಿಟ್ಟು ಮರೆತು ಕುಣಿದೇಬಿಟ್ಟೆ. ಅಕ್ಕ ಮಾತ್ರ ಇನ್ನೊಮ್ಮೆ, ಮತ್ತೊಮ್ಮೆ ಎಂದು ಮೂರು ಸಲ ಚುಚ್ಚಿಸಿದಳು. ಆಮೇಲೆ ಮಷಿನ್ನಿಗೆ ಸೀರೆ ಸರಿಯಾಗಿ ಹೊದಿಸಿ ಟೆಂಪೋ ಹತ್ತಿದಳು. ಪಿನ್ನು ಹಿಂದಿರುಗಿಸಲು ಹೋದರೆ ತೆಗೆದುಕೊಳ್ಳಲಿಲ್ಲ. "ಉಸ್ತಾದರ ಹತ್ರನೇ ಇರ್ಲಿ. ಕಳ್ಳರಿಗಿ ಸಾಮಾನ್ ಬೇಕಲ್ರಿ."

ಟೆಂಪೋ ಹೊರಟಿತು. ತೂತು ಬಿದ್ದ ತುಂಡು ಕತ್ತರಿಸಿ, ವೈರಿನ ತುದಿಯನ್ನು ಮತ್ತೆ ಹೊಸದಾಗಿ ಬಿಗಿದೆ. ಉಸ್ತಾದರು ಎಳೆದು ನೋಡಿ, ಪೆಟ್ಟಿಗೆ ಮುಚ್ಚಲು ಹೇಳಿದರು. ನಾನು ಮುಚ್ಚಿದೆ. ಬಸ್ಸಿನಲ್ಲಿ ಬೀದರದವರೆಗೆ ಅವರೊಡನೆ ಮಾತಾಡಲಿಲ್ಲ. ಸಿಟ್ಟು ಮತ್ತೆ ನೆನಪಾಗಿತ್ತು.

ಅವರು ಆಮೇಲೆ ತಿಂಗಳಿಗೊಮ್ಮೆ ಔರಾದ ಬಸ್ಸು ಹತ್ತಿ, ಒಬ್ಬರೇ ಬಂದು ಪೆಟ್ಟಿಗೆ ತೆಗೆದು ನೋಡಿ ಹೋಗುತ್ತಿದ್ದರಂತೆ. ಟೀಚರಿಂದ ಕೇಳಿದ್ದನ್ನು ಅಕ್ಕ ಹೋದ ತಿಂಗಳು ನನಗೆ ಹೇಳಿದಳು. ಪಿನ್ನು ಅಂಟಿಸಿದ್ದು ಆಗಲೇ ಇರಬೇಕು. ಆ ವರ್ಷವೇ ಬೀದರದಲ್ಲೂ ಕೆಲಸ ಬತ್ತಿ ನಾನು ಪುಣೆಗೆ ಹೋದೆ. ಅಲ್ಲಿ ಪ್ರತಿ ಕೆಲಸದ ಕೊನೆಗೂ ಪಿನ್ನು ಹಿಡಿದು ಕಳ್ಳಿಯಾದೆ. ಅದನ್ನು ಅವರಿಗೆ ಹೇಳಬೇಕೆಂದಿದ್ದೆ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ಅಂಗಡಿಯಲ್ಲಿ ಬೇರೆಯವರು ಬಳೆ ಮಾರುತ್ತಿದ್ದರು.

ಅಕ್ಕ ಊರಿಗೆ ತಿರುಗಿ ಬಂದಾಗ ಅವಳ ಮಷಿನ್ನಿಗೆ ಧೂಳು ಬಿಟ್ಟರೆ ಏನೂ ಆಗಿರಲಿಲ್ಲ. ಈಗ ಅವಳು ಅದೇ ಭವನದಲ್ಲಿ ಹೊಲಿಗೆ ಕಲಿಸುತ್ತಾಳೆ. ಆ ದಿನ ನಾನು ಹೊಸ ಪೆಟ್ಟಿಗೆ ಕೂರಿಸಿ, ವೈರುಗಳನ್ನು ಎಳೆದು ನೋಡಿ, ಆ ತುಕ್ಕಿನ ಪಿನ್ನನ್ನೇ ಚುಚ್ಚಿದೆ. ಸೈರನ್ ಕೂಗಿತು. ತುದಿಯನ್ನು ಹೊಸದಾಗಿ ಬಿಗಿದು, ಪಿನ್ನನ್ನು ಹೊಸ ಮುಚ್ಚಳದ ಒಳಗೆ ಅಂಟಿಸಿ, ಸ್ಕ್ರೂಡ್ರೈವರ್ ಹಿಡಿದು ನಿಂತೆ.

"ಎಲ್ಲಾ ಆಯ್ತಲ್ಲ, ಮತ್ಯಾಕ ನಿಂತೀರಿ?" ಎಂದಳು ಅಕ್ಕ.

ಇನ್ನೂ ಸ್ವಲ್ಪ ಹೊತ್ತು ಕಾದೆ. ಆಮೇಲೆ, ಯಾರೂ ಹೇಳದೆಯೇ, ಪೆಟ್ಟಿಗೆ ಮುಚ್ಚಿದೆ.