ಕುರ್ಚಿ ಕಟ್ಟಿಹಾಕಿದವನ ಹೆವಿ ಮೆಟಲ್

ಎದುರಿಗೆ ಒಂದು ಲೋಟ ಕಾಳುಮೆಣಸಿನ ಕಷಾಯ ಹಬೆಯಾಡುತ್ತಿದೆ. ಯಾಕೆಂದು ಆಮೇಲೆ ಹೇಳುತ್ತೇನೆ. ಮೊದಲು, ನಿನ್ನೆ ಏನೇನು ಆಗಬಹುದಿತ್ತು ಎಂಬುದನ್ನು ಕೇಳಿ. ಕಿಟಕಿಯ ಗಾಜುಗಳು ಒಡೆಯಬಹುದಿತ್ತು. ವೇದಿಕೆಯ ಹಲಗೆ ಮುರಿದು, ಡ್ರಮ್ ಬಾರಿಸುವವನು ಡ್ರಮ್ಮಿನ ಸಮೇತ ಕೆಳಗಿಳಿಯಬಹುದಿತ್ತು. ಕರೆಂಟು ಹೋಗಬಹುದಿತ್ತು. ಪಕ್ಕದ ಮನೆಯ ಹಸುಗೂಸು ಬೆಚ್ಚಿಬೀಳಬಹುದಿತ್ತು. ಪೊಲೀಸರು ಬರಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ನನ್ನ ಅಕ್ಕ ಮೊದಲ ಹಾಡಿಗೇ ಎದ್ದು ಹೊರಟು, ಮಗಳ ಜೊತೆ ಬಿಟ್ಟಿದ್ದ ಮಾತನ್ನು ನನ್ನ ಜೊತೆಗೂ ಬಿಡಬಹುದಿತ್ತು.

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ ನನ್ನದೊಂದು ಹೋಟೆಲು, ಅದರ ಹಿಂದೆ ಮದುವೆ, ಸೀಮಂತಗಳಿಗೆ ಕೊಡುವ ಸಣ್ಣ ಹಾಲ್. ಅಕ್ಕನ ಮಗಳು ಚೈತ್ರ ಒಂದು ದಿನ ಬಂದು ಕೌಂಟರಿನ ಎದುರು ನಿಂತಳು. ಬ್ರಹ್ಮಾವರದಲ್ಲಿ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕೆಲಸ ಅವಳಿಗೆ. ಬಾಯಿ ಬಿಡಿ ಎನ್ನುವುದನ್ನೂ ಪಿಸುಮಾತಿನಲ್ಲಿ ಹೇಳುವ ಹುಡುಗಿ.

"ಮಾವ, ನಮ್ ಬ್ಯಾಂಡಿನ ಮೊದಲ್ನೇ ಆಲ್ಬಂ ಬಿಡುಗಡೆ. ಮೂರ್ ಬ್ಯಾಂಡ್ ಬತ್ತ್. ಹಾಲ್ ಕೊಡ್ತ್ರಿಯಾ?"

"ಎಂತ ಬ್ಯಾಂಡ್?"

"ಎರಡ್ ಹೆವಿ ಮೆಟಲ್, ನಮ್ದ್ ಹಾರ್ಡ್‌ಕೋರ್."

"ವ್ಯತ್ಯಾಸ ಎಂತದ್?"

"ಅವ್ರ್ ಕೂದಲ್ ಬಿಡ್ತ್ರ್, ನಾವ್ ಬಿಡುದಿಲ್ಲ. ಅವ್ರ ಹಾಡ್ ಉದ್ದ, ನಮ್ದ್ ಗಿಡ್ಡ. ಕೂಗುದ್ ಇಬ್ರೂ ಕೂಗ್ತೋ."

ಆ ಕೂಗೇ ತೊಂದರೆಯಾದದ್ದು. ನಾಲ್ಕು ತಿಂಗಳ ಹಿಂದೆ ಮಗಳ ಹಾಡೊಂದನ್ನು ಅಕ್ಕ ಯಾರದೋ ಮೊಬೈಲಿನಲ್ಲಿ ಕೇಳಿದ್ದಳು. "ಹೀಂಗೆ ಅರ್ಚಿರೆ ಗಂಟ್ಲ್ ಹರ್ದ್ ಹೋತಿಲ್ಯಾ?" ಎಂದಳು. ಚೈತ್ರ ಏನೋ ಎದುರು ಹೇಳಿದಳು. ಅಲ್ಲಿಗೆ ಮಾತು ನಿಂತಿತು. ವಂಡ್ಸೆಯ ಒಂದೇ ಮನೆಯಲ್ಲಿದ್ದುಕೊಂಡು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂಬುದನ್ನೂ ತಾಯಿ ಮಗಳು ಹೆಮ್ಮಾಡಿಯಲ್ಲಿರುವ ನನಗೆ ಫೋನು ಮಾಡಿ ಒಬ್ಬರಿಗೊಬ್ಬರು ತಿಳಿಸಿಕೊಳ್ಳುತ್ತಿದ್ದರು. ಮೊದಲೇ ಚಿಂತೆಯ ಮನುಷ್ಯ ನಾನು. ಫೋನು ರಿಂಗಾದರೆ ಎದೆ ಢವಗುಟ್ಟುವ ಸ್ಥಿತಿಗೆ ಬಂದಿದ್ದೆ.

ಹಾಲ್ ಕೊಡುತ್ತೇನೆ, ಆದರೆ ಮಧ್ಯಾಹ್ನ ಮೂರಕ್ಕೆ ಶುರುವಾಗಿ ಆರಕ್ಕೆ ಮುಗಿಯಬೇಕು, ನಿನ್ನ ಅಮ್ಮನನ್ನೂ ಕರೆಯುತ್ತೇನೆ ಎಂದೆ.

"ಅಮ್ಮ ಮೆಚ್ಚುದ್ ಬ್ಯಾಡ ಮಾವ. ಅರ್ಧಕ್ಕೆ ಎದ್ದ್ ಹೋಗ್ದಿದ್ರೆ ಸಾಕ್."

ಇನ್ನು ಕುರ್ಚಿಗಳ ವಿಚಾರ. ನಮ್ಮೂರಿನ ಮದುವೆಗಳಲ್ಲಿ ಜನ ಕುರ್ಚಿಯನ್ನು ಇಟ್ಟಲ್ಲಿ ಇರಗೊಡುವುದಿಲ್ಲ. ಮುಂಬಯಿಯಿಂದ ಬಂದ ನೆಂಟರು ಸಿಕ್ಕಿದರೆ ಸಾಕು, ದರದರ ಎಳೆದು ದುಂಡಗೆ ಕೂತು ಪಟ್ಟಾಂಗ ಶುರು. ಬಡಿಸುವವರಿಗೆ ದಾರಿಯೇ ಇಲ್ಲ. ಆದ್ದರಿಂದ ನಾನು ಹತ್ತು ಹತ್ತು ಕುರ್ಚಿಗಳ ಕಾಲನ್ನು ಸುತಳಿಯಿಂದ ಬಿಗಿದುಬಿಡುತ್ತೇನೆ. ನಿನ್ನೆ ಬೆಳಿಗ್ಗೆಯೂ ಅಭ್ಯಾಸಬಲದಿಂದ ಬಿಗಿದೆ. ಹೆದರಿಕೆಗೆ ಎರಡೆರಡು ಗಂಟು ಹೆಚ್ಚೇ ಹಾಕಿದೆ.

ಮೂರು ಗಂಟೆಗೆ ಬೈಂದೂರು, ಕುಂದಾಪುರದ ಕಡೆಯಿಂದ ಕಪ್ಪು ಟೀಶರ್ಟುಗಳು ಬಂದು ತುಂಬಿದವು. ಬಂದವರು ಕೂರಲಿಲ್ಲ. ಒಬ್ಬ ಹುಡುಗ ಕುರ್ಚಿಯೊಂದನ್ನು ಬದಿಗೆ ಸರಿಸಲು ಹೋದ. ಉಳಿದ ಒಂಬತ್ತು ಹಿಂದೆಯೇ ಹೊರಟವು.

"ಹ್ವಾಯ್, ಇದ್ ಎಂತ ಕೊಂಕಣ ರೈಲಾ?"

ಗಂಟು ಬಿಚ್ಚಲು ಕೂತೆ. ನಾನು ಹಾಕಿದ ಗಂಟು ನನಗೇ ಬಿಚ್ಚಲಾಗಲಿಲ್ಲ. ಕತ್ತರಿ ಹುಡುಕುವುದರೊಳಗೆ ಮೊದಲ ಬ್ಯಾಂಡ್ ಶುರುವಾಗಿಯೇ ಹೋಯಿತು. ಪಾಪ, ಉದ್ದ ಕೂದಲಿನ ಮಕ್ಕಳು ಕೂತಲ್ಲೇ ತಲೆ ಬೀಸತೊಡಗಿದರು. ಒಬ್ಬ ಬೀಸಿದರೆ ಹತ್ತು ಕುರ್ಚಿ ಅಲುಗುತ್ತಿತ್ತು. ಮುಂದಿನ ಸಾಲಿನ ತುದಿಯಲ್ಲಿ, ಎಲೆಅಡಿಕೆ ಚೀಲವನ್ನು ಮಡಿಲಲ್ಲಿಟ್ಟುಕೊಂಡ ಅಕ್ಕನೂ ಮನಸ್ಸಿಲ್ಲದಿದ್ದರೂ ತಾಳಕ್ಕೆ ಸರಿಯಾಗಿ ಅಲುಗುತ್ತಿದ್ದಳು. ನಾನು ವೇದಿಕೆ ನೋಡಲೇ ಇಲ್ಲ; ಅವಳ ಮುಖವನ್ನೇ ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ಇರಲಿಲ್ಲ.

ಕೊನೆಗೆ ಚೈತ್ರ ಬಂದಳು. ಹಾರ್ಡ್‌ಕೋರಿನ ಒಂದು ಉಪಕಾರವನ್ನು ಒಪ್ಪಿಕೊಳ್ಳಲೇಬೇಕು: ನಾನು ಚಿಂತೆಗೆ ಸರಿಯಾಗಿ ಕೂರುವಷ್ಟರಲ್ಲಿ ಹಾಡೇ ಮುಗಿದಿತ್ತು. ಮುಗಿದ ಕೂಡಲೇ ಅಕ್ಕ ಎದ್ದು ನಿಂತಳು.

ಆಯಿತು, ಹೊರಟಳು ಎಂದುಕೊಂಡೆ. ವೇದಿಕೆಯ ಮೇಲೆ ಚೈತ್ರಳ ಕೈಯಲ್ಲಿದ್ದ ಮೈಕು ನಿಧಾನವಾಗಿ ಕೆಳಗಿಳಿಯಿತು. ಅಕ್ಕ ಚೀಲಕ್ಕೆ ಕೈ ಹಾಕಿ ಅಡಕತ್ತಿ ತೆಗೆದಳು. ಬಗ್ಗಿ, ತಾನು ಕೂತಿದ್ದ ಕುರ್ಚಿಯ ಸುತಳಿಯನ್ನು ಅಡಿಕೆ ಕತ್ತರಿಸಿದ ಹಾಗೆ ಕಟಕ್ಕನೆ ಕತ್ತರಿಸಿದಳು.

"ಕುರ್ಚಿ ದನ ಅಲ್ಲ ಮಾರಾಯಾ, ಓಡಿ ಹೋಪುಕೆ! ಮಕ್ಳಿಗೆ ಕುಣುಕೆ ಜಾಗ ಬ್ಯಾಡ್ದಾ?" ಎಂದು ನನ್ನನ್ನು ಬೈದು, ಸಾಲಿನಿಂದ ಸಾಲಿಗೆ ಹೋದಳು. ಇಡೀ ಹಾಲ್ ಅವಳಿಗಾಗಿ ಕಾದು ನಿಂತಿತ್ತು. ಕುರ್ಚಿಗಳು ಗೋಡೆಗೆ ಸೇರಿ ನಡುವೆ ನೆಲ ತೆರೆದ ಮೇಲೆ, ಅವಳು ಒಂದರ ಮೇಲೆ ಕೂತು, ಸೊಂಟ ನೀವಿಕೊಂಡು, ನಾಲ್ಕು ತಿಂಗಳ ನಂತರ ನೇರ ಮಗಳಿಗೇ ಹೇಳಿದಳು:

"ಹ್ಞಾಂ, ಈಗ ಅರ್ಚ್ ಕಾಂಬ."

ಮುಂದಿನ ಹಾಡಿಗೆ ಪಲ್ಲವಿ ಎಂದರೆ ಒಂದೇ ಶಬ್ದ: ಹ್ವಾಯ್. ಚೈತ್ರ ಅದನ್ನು ಹೊಟ್ಟೆಯ ಆಳದಿಂದ ಎತ್ತಿದಳು. ಈ ದನಿ ನನಗೆ ಗೊತ್ತು! ಚಿಕ್ಕಂದಿನಲ್ಲಿ ನಾವು ಹೊಳೆಯಾಚೆ ಆಡುತ್ತಿದ್ದಾಗ ಅಕ್ಕ ಈಚೆ ದಡದಲ್ಲಿ ನಿಂತು, "ಹ್ವಾಯ್, ಉಂಬುಕ್ ಬನಿ!" ಎಂದು ಕೂಗುತ್ತಿದ್ದಳು. ಅವಳು ಕೂಗಿದರೆ ಆಚೆ ದಡದ ಮನೆಯವರೂ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಹುಡುಗಿಯ ಗಂಟಲಿನ ಬಗ್ಗೆ ನಾವೆಲ್ಲ ಸುಮ್ಮನೆ ಹೆದರಿದ್ದೆವು. ಅದು ಹೊಳೆ ದಾಟಿ ಅಭ್ಯಾಸವಿದ್ದ ಗಂಟಲು.

ಇಡೀ ಹಾಲ್ "ಹ್ವಾಯ್" ಎಂದು ತಿರುಗಿ ಕೂಗಿತು. ಅಕ್ಕನೂ ಕೂಗಿದಳೋ ಏನೋ, ನಾನು ನೋಡಲಿಲ್ಲ. ನನಗೆ ಬೇರೆ ಕೆಲಸವಿತ್ತು.

ಗಾಜು ಒಡೆಯಲಿಲ್ಲ. ಹಲಗೆ ಮುರಿಯಲಿಲ್ಲ. ಪಕ್ಕದ ಮನೆಯ ಕೂಸು ಎಂದೂ ಇಲ್ಲದ ಹಾಗೆ ಮೂರು ಗಂಟೆ ನಿದ್ದೆ ಮಾಡಿತಂತೆ; ಮತ್ತೆ ಯಾವಾಗ ಇದೆ ಎಂದು ಅದರ ಅಜ್ಜಿ ಬಂದು ಕೇಳಿ ಹೋದರು. ತಾಯಿ ಮಗಳು ಒಂದೇ ಸ್ಕೂಟರಿನಲ್ಲಿ, ದಾರಿಯುದ್ದಕ್ಕೂ ಜಗಳವಾಡುತ್ತ, ವಂಡ್ಸೆಗೆ ಹೋದರು. ಈ ಬೆಳಿಗ್ಗೆಯಿಂದ ನನಗೆ ಒಂದು ಫೋನೂ ಇಲ್ಲ.

ಬಂದರೂ ಎತ್ತುವ ಹಾಗಿಲ್ಲ. ಕಷಾಯ ತಂದಿಟ್ಟ ಹೆಂಡತಿ, "ಇಷ್ಟ್ ವರ್ಷಕ್ಕೆ ಮನಿ ತಣ್ಣಗಾಯ್ತ್" ಎಂದು ನಕ್ಕು ಒಳಗೆ ಹೋದಳು. ಉತ್ತರ ಕೊಡೋಣವೆಂದು ಬಾಯಿ ತೆರೆದೆ, ಬರೀ ಗಾಳಿ ಬಂತು. ಅದಕ್ಕೇ ನಿಮಗೂ ಹೇಳುವ ಬದಲು ಬರೆಯುತ್ತಿದ್ದೇನೆ. ನಿನ್ನೆ ಅಷ್ಟೆಲ್ಲದರ ನಡುವೆ ಹರಿದುಹೋದದ್ದು ಒಂದೇ ಗಂಟಲು, ನನ್ನದು.