ತುಟಿಯ ಎಡಬದಿ

ಬಟ್ಟೆ ಗಿರಣಿಯಲ್ಲಿ ಮಗ್ಗಗಳ ಸದ್ದಿಗೆ ಯಾರ ಮಾತೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿಯವರು ದನಿ ಖರ್ಚು ಮಾಡದೆ, ಒಂದೊಂದು ಅಕ್ಷರಕ್ಕೂ ತುಟಿ ಹಿಗ್ಗಿಸಿ ಕುಗ್ಗಿಸಿ ಮಾತಾಡುತ್ತಾರೆ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ರೂಪದ ತ್ರಿವಳಿಗಳು. ಗದ್ದವನ್ನೂ ಎಳೆದಾಡಿ ಬೇರೆ ಮಾಡಿ ತೋರಿಸಬೇಕು. ಮಗ್ಗ ರಿಪೇರಿಯ ಜಾಬರ್ ಮತ್ತು ನೇಯುವ ಹುಡುಗಿ ತಮ್ಮ ಮದುವೆಯ ಮಾತುಕತೆಯನ್ನು ಹೀಗೆಯೇ, ಮೇಸ್ತ್ರಿಯ ಎದುರಿಗೇ ಮುಗಿಸಿಕೊಂಡಿದ್ದರು. ಮೇಸ್ತ್ರಿ ಕಿವಿಗೊಟ್ಟಿದ್ದ, ಕಣ್ಣು ಕೊಟ್ಟಿರಲಿಲ್ಲ.

ನಿವೃತ್ತಿಯ ಹೊತ್ತಿಗೆ ಗಿರಣಿ ಜಾಬರನನ್ನು ಮನೆಗೆ ಕಳಿಸಿ, ಅವನ ಕಿವಿಗಳನ್ನು ತಾನೇ ಇಟ್ಟುಕೊಂಡಿತು. ಅದರಿಂದ ತೊಂದರೆಯೇನೂ ಆಗಲಿಲ್ಲ. ಹೆಂಡತಿ ಕಿಟಕಿಯ ಬೆಳಕಿಗೆ ಮುಖ ಮಾಡಿ, ತುಟಿ ಬಿಡಿಸಿ ಮಾತಾಡುತ್ತಿದ್ದಳು. ಅರ್ಥವಾಗದೆ ತಲೆಯಾಡಿಸಿದರೆ ಮಾತ್ರ ಸಿಕ್ಕಿಬೀಳುತ್ತಿದ್ದ.

"ನಾನೇನಂದೆ, ಹೇಳಿ ನೋಡೋಣ."

ಆಮೇಲೆ ಅವಳಿಗೆ ಲಕ್ವ ಹೊಡೆದು ತುಟಿಯ ಎಡಬದಿ ಜೋತುಬಿತ್ತು. ಆಸ್ಪತ್ರೆಯಿಂದ ಬಂದ ದಿನ ಸೊಸೆ ಅವನ ಎದುರು ಕೂತು ನಿಧಾನವಾಗಿ ಹೇಳಿದಳು: "ಮಾವಾ, ಅತ್ತೆ ಮಾತು ಚೆನ್ನಾಗೇ ಇದೆ. ನಮಗೆಲ್ಲಾ ಅರ್ಥ ಆಗ್ತಿದೆ."

"ನಿಮಗೆ ಕಿವಿ ಇದೆಯಲ್ಲಮ್ಮ."

ಹೆಂಡತಿ ಏನೋ ಹೇಳಿದಳು. ಅರ್ಧ ತುಟಿ ಬರೆದದ್ದನ್ನು ಇನ್ನರ್ಧ ಅಳಿಸಿಹಾಕಿತು. ಅವನು ತಲೆಯಾಡಿಸಿದ. ಅವಳು ಅವನನ್ನೇ ನೋಡಿದಳು. ಬಲಗೈ ಎತ್ತಿ, ಜೋತ ತುಟಿಯನ್ನು ಬೆರಳಿನಿಂದ ಮೇಲೆತ್ತಿ ಹಿಡಿದು ಮತ್ತೆ ಹೇಳಿದಳು.

ಊಟ ಆಯ್ತಾ. ಇಷ್ಟೇ ಕೇಳಿದ್ದು.

ದಿನ ಕಳೆದಂತೆ ಆ ಕೈಯೂ ಸೋತಿತು. ಬೆರಳು ಗದ್ದದವರೆಗೆ ಬಂದು ಹಾಸಿಗೆಗೆ ಬೀಳುತ್ತಿತ್ತು. ಒಂದು ಮಧ್ಯಾಹ್ನ, ಸೈಕಲ್ಲಿನ ಚೈನು ಹಾಕುತ್ತಿದ್ದ ಜಾಬರ್ ಎದ್ದು ಬಂದವನೇ, ಮಗ್ಗದಲ್ಲಿ ಕಡಿದ ಎಳೆ ಹಿಡಿಯುವ ಹಾಗೆ, ತುಟಿಯ ತುದಿಯನ್ನು ತಾನೇ ಎತ್ತಿ ಹಿಡಿದ.

"ಈಗ ಹೇಳು."

ಅವಳು ಗದ್ದ ಎಳೆದು, ಅಕ್ಷರ ಬಿಡಿಸಿ ಬಿಡಿಸಿ ಹೇಳಿದಳು: "ಎಣ್ಣೆ ಕೈ. ತೊಳ್ಕೊಂಡು ಬನ್ನಿ."

ಒಂದಕ್ಷರವೂ ತಪ್ಪಲಿಲ್ಲ. ನಗುತ್ತಲೇ ಹೋಗಿ, ಸೋಪು ಹಚ್ಚಿ ಉಗುರಿನ ಸಂದಿಯನ್ನೂ ಉಜ್ಜಿ ಬರುವಷ್ಟರಲ್ಲಿ ಅವಳ ಕಣ್ಣು ಮುಚ್ಚಿತ್ತು. ಮಲಗಲಿ, ಎದ್ದ ಮೇಲೆ ಮಾತಾಡಿದರಾಯಿತು ಅಂದುಕೊಂಡು ಪಕ್ಕದಲ್ಲೇ ಕೂತ.

ಸಂಜೆ ಕಾಫಿ ತಂದ ಸೊಸೆ ಅತ್ತೆಯನ್ನು ಅಲುಗಿಸಿದಳು, ಮೂಗಿನ ಹತ್ತಿರ ಕೈ ಹಿಡಿದಳು, ಆಮೇಲೆ ಅವನ ಕಡೆ ತಿರುಗಿ ಏನೋ ಹೇಳಿದಳು. ಅಳುವ ಬಾಯಿ, ಅಕ್ಷರಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು.

ಜಾಬರ್ ತೊಳೆದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದ. ಈ ಸಲ ಅವನು ತಲೆಯಾಡಿಸಲಿಲ್ಲ.

"ಅರ್ಥ ಆಗಲಿಲ್ಲಮ್ಮ," ಅಂದ. "ಬಿಡಿಸಿ ಹೇಳು."

ಸೊಸೆ ಕಣ್ಣೊರೆಸಿಕೊಂಡು, ಕಿಟಕಿಯ ಬೆಳಕಿಗೆ ಮುಖ ಮಾಡಿದಳು.