ಹೆದರಿಕೆಯೇ ಇಲ್ಲದ ವಂಶ

ಲಿಫ್ಟ್ ರಿಪೇರಿ ಮಾಡುವವನೇ ಮೆಟ್ಟಿಲು ಹತ್ತಿ ಹೋಗುವುದನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ಮೇಸ್ತ್ರಿ ಎಂಟು ತಿಂಗಳಿಂದ ಹಾಗೇ ಹತ್ತುತ್ತಿದ್ದ. ಹೆಗಲಲ್ಲಿ ಸ್ಪ್ಯಾನರುಗಳ ಚೀಲ, ಹಣೆ ತುಂಬ ಬೆವರು. ಕೇಳಿದವರಿಗೆ "ಮಂಡಿಗೆ ಒಳ್ಳೇದು" ಅನ್ನುತ್ತಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಇವನು ಬಿದ್ದದ್ದಂತೂ ನಿಜ, ಲಿಫ್ಟ್ ಸಮೇತ, ಎರಡು ಮಹಡಿ.

ಜೊತೆಗೇ ಬಿದ್ದ ವೈರಿಂಗಿನವನು ವಾರದಲ್ಲೇ ಕೆಲಸಕ್ಕೆ ಬಂದು, ಅದೇ ಲಿಫ್ಟಿನೊಳಗೆ ಸಿಳ್ಳೆ ಹೊಡೆಯುತ್ತ ಬಲ್ಬು ಬದಲಾಯಿಸಿದ. ಇವನಿಗೆ ಬಾಗಿಲು ಮುಚ್ಚುವ ಸದ್ದು ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತಿದ್ದವು. ಕೊನೆಗೆ ಕಂಪನಿಯವರು, ಮನಸ್ಸಿನ ಡಾಕ್ಟರ ಹತ್ತಿರ ಹೋಗು, ಇಲ್ಲವಾದರೆ ಗೋದಾಮಿನಲ್ಲಿ ಕೂತು ನಟ್ಟು ಬೋಲ್ಟು ಜೋಡಿಸು ಎಂದರು. ಇಪ್ಪತ್ತಾರು ವರ್ಷ ಲಿಫ್ಟಿನ ನಾಡಿ ಹಿಡಿದವನಿಗೆ ಅದು ಸಾವಿಗಿಂತ ಕಡೆ ಅನ್ನಿಸಿತು.

ಡಾಕ್ಟರಮ್ಮ ಮೊದಲ ದಿನವೇ ಕೇಳಿದರು, "ನಿಮ್ಮ ಮನೇಲಿ ಇನ್ಯಾರಿಗಾದ್ರೂ ಹೀಗಾಗಿತ್ತಾ?"

"ನಮ್ಮ ವಂಶದಲ್ಲೇ ಹೆದರಿಕೆ ಇಲ್ಲ ಮೇಡಂ."

ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸಲ ಸಾಕ್ಷಿಗೆ ಅಕ್ಕನನ್ನು ಕರೆತಂದ. ಆಕೆ ನಿವೃತ್ತ ಟೀಚರು, ಅವಳ ಮಾತಿಗೆ ಎದುರಾಡಿದವರಿಲ್ಲ. ಅಕ್ಕ ಲಿಫ್ಟಿನಲ್ಲಿ ಬಂದು ಆರಾಮಾಗಿ ಕೂತಳು. ತಮ್ಮ ಮಾತ್ರ ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ ಬಂದ.

"ನಮ್ಮಪ್ಪ ಅಂದ್ರೆ ಹುಲಿ," ಅಕ್ಕ ಶುರು ಮಾಡಿದಳು. "ಕಾರ್ಖಾನೇಲಿ ಬಾಯ್ಲರ್ ಸಿಡಿದು ಪಕ್ಕದಲ್ಲಿದ್ದೋರು ಇಬ್ರು ಹೋದ್ರು. ಅಪ್ಪ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಆಮೇಲೆ ಎಷ್ಟು ಶಿಸ್ತು ಗೊತ್ತಾ? ಬೂಟು ಹಾಕ್ಕೊಂಡೇ ಮಲಗೋರು. ಊಟಕ್ಕೆ ಬಾಗಿಲು ಕಾಣೋ ಹಾಗೇ ಕೂರೋರು. ಮನೇಲಿ ಕುಕ್ಕರ್ ಕೂಗೋ ಹಾಗಿರ್ಲಿಲ್ಲ. ನಮ್ಮಜ್ಜನೂ ಅಷ್ಟೇ, ದೋಣಿ ಮುಳುಗಿ ಬದುಕಿ ಬಂದ್ಮೇಲೆ ನದಿ ಕಡೆ ಕಿಟಕೀನೇ ಮುಚ್ಚಿಸಿಬಿಟ್ರು. ಹಠ ಅಂದ್ರೆ ಹಠ..."

ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. ವಂಶದ ಧೈರ್ಯಕ್ಕೆ ಸಾಕ್ಷಿ ಹೇಳಲು ಬಂದವಳು ಮೂರು ತಲೆಮಾರಿನ ಗುಟ್ಟನ್ನು ಮೇಜಿನ ಮೇಲೆ ಸುರಿದಿದ್ದಳು.

ಮೇಸ್ತ್ರಿಯ ಕಣ್ಣ ಮುಂದೆ ಗೋದಾಮು ಬಂತು. "ಹಾಗಾದ್ರೆ ಇದು ರಕ್ತದಲ್ಲೇ ಇದೆ. ಇನ್ನು ಹೋಗಲ್ಲ."

"ಆಘಾತ ಬೇಗ ತಾಗೋ ಗುಣ ಸ್ವಲ್ಪ ರಕ್ತದಲ್ಲಿ ಬಂದಿರಬಹುದು. ಹಾಗಂತ ತಾಗಿದ್ದು ವಾಸಿಯಾಗಲ್ಲ ಅಂತ ಅಲ್ಲ," ಎಂದರು ಡಾಕ್ಟರಮ್ಮ. "ನಿಮ್ಮಪ್ಪನ್ನ ಯಾರಾದ್ರೂ ಆಸ್ಪತ್ರೆಗೆ ತೋರಿಸಿದ್ರಾ?"

ಅಕ್ಕ ಸೆರಗು ಸರಿಮಾಡಿಕೊಂಡಳು.

"ಅಪ್ಪ ಬೆಚ್ಚಿಬೀಳೋದನ್ನ ನೋಡೋಕೆ ಅಂತಲೇ ನಾನು ಹಿಂದಿನಿಂದ ಹೋಗಿ ತಟ್ಟೆ ಬೀಳಿಸ್ತಿದ್ದೆ," ಎಂದ ಮೇಸ್ತ್ರಿ. "ಎಲ್ಲರೂ ನಗ್ತಿದ್ವಿ. ನಮ್ಮ ಜೊತೆ ಅಪ್ಪನೂ ನಗ್ತಿದ್ರು."

ಅಂಗೈಯಿಂದ ಮುಖ ಒರೆಸಿಕೊಂಡ. "ನನ್ನ ಕೈಲಿ ಹಾಗೆ ನಗೋಕಾಗಲ್ಲ ಮೇಡಂ. ಚಿಕಿತ್ಸೆಗೆ ಯಾವತ್ತಿಂದ ಬರಲಿ ಹೇಳಿ."